ಓದಿ ಸಹಿ ಹಾಕು ಎಂದು ಹೇಳಿ ಕಳಿಸಿ

ಡಿಸೆಂಬರ್ 31ರಂದು ತಾಳಿ ಕಟ್ಟಿದ್ದರೂ ಅಮೆರಿಕದ ತೆರಿಗೆ ಕಾನೂನಿನ ಲೆಕ್ಕದಲ್ಲಿ ಇಡೀ ವರ್ಷ ನೀವು ದಂಪತಿಯೇ. ರಿಟರ್ನನ್ನು ಜಂಟಿಯಾಗಿ ಸಲ್ಲಿಸಬೇಕೋ ಬೇರೆ ಬೇರೆಯಾಗಿಯೋ ಎಂಬ ಪ್ರಶ್ನೆ ಆಗ ಏಳುತ್ತದೆ. ನ್ಯೂಜೆರ್ಸಿಯಲ್ಲಿ ತೆರಿಗೆ ಲೆಕ್ಕ ಬರೆಯುವ ನನ್ನ ಬಳಿ ಪ್ರತಿ ಮಾರ್ಚಿನಲ್ಲೂ ನಮ್ಮ ಕಡೆಯ ಹೊಸ ಜೋಡಿಗಳು ಬರುತ್ತವೆ. ಹುಡುಗ ಎಚ್‌-1ಬಿ ಉದ್ಯೋಗ ವೀಸಾದವನು, ಹುಡುಗಿ ಈಗಷ್ಟೇ ಎಚ್‌-4 ಅವಲಂಬಿತರ ವೀಸಾದಲ್ಲಿ ಬಂದವಳು. "ಜಂಟಿ ಮಾಡಿಬಿಡಿ ಮೇಡಂ, ರಿಫಂಡ್ ಜಾಸ್ತಿ ಬರುತ್ತಂತೆ."

ಬರುತ್ತದೆ, ನಿಜ. 2024ನೇ ವರ್ಷಕ್ಕೆ ಬೇರೆಯಾಗಿ ಸಲ್ಲಿಸಿದರೆ ಸ್ಟ್ಯಾಂಡರ್ಡ್ ಡಿಡಕ್ಷನ್ 14,600 ಡಾಲರ್, ಜಂಟಿಗೆ 29,200. ಒಬ್ಬರ ಸಂಬಳದ ಮನೆಗೆ ಇದು ದೊಡ್ಡ ಮೊತ್ತ. ಆದರೆ ವರ್ಷದ ಕೊನೆಗೆ ಬಂದಿಳಿದ ಹೆಂಡತಿಯನ್ನು ಸೇರಿಸಲು, ಅವಳನ್ನು ವರ್ಷಪೂರ್ತಿ ನಿವಾಸಿಯೆಂದು ಪರಿಗಣಿಸಿ ಎಂಬ ಹೇಳಿಕೆಗೆ ಇಬ್ಬರೂ ಸಹಿ ಹಾಕಬೇಕು. ಆಗ ಮೈಸೂರಿನಲ್ಲಿ ಅವಳು ದುಡಿದ ಸಂಬಳ, ಅವಳ ಹೆಸರಿನ ಎಫ್‌ಡಿಯ ಬಡ್ಡಿ ಎಲ್ಲವನ್ನೂ ಇಲ್ಲಿ ತೋರಿಸಬೇಕು.

ಗಂಡ ಬೆರಳಿಟ್ಟ ಕಡೆ ಹುಡುಗಿ ಹಾಳೆ ತಿರುವದೆ ಸಹಿ ಹಾಕುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಜಂಟಿ ರಿಟರ್ನಿನ ಬಾಕಿಗೆ ಇಬ್ಬರೂ ಪೂರ್ತಿ ಹೊಣೆ. ವಿಚ್ಛೇದನವಾದರೂ ಅದು ತಾನಾಗಿ ಕಳಚುವುದಿಲ್ಲ. ಬೇರೆಯಾಗಿ ಸಲ್ಲಿಸಿದ್ದನ್ನು ಸಾಮಾನ್ಯವಾಗಿ ಮೂರು ವರ್ಷದೊಳಗೆ ಜಂಟಿಗೆ ತಿದ್ದಬಹುದು. ಜಂಟಿಯನ್ನು ರಿಟರ್ನ್ ಸಲ್ಲಿಸುವ ಗಡುವು ಮುಗಿದ ಮೇಲೆ ಬೇರ್ಪಡಿಸಲಾಗದು.

ಮಗಳನ್ನು ಕಳಿಸುವ ಅಪ್ಪ ಅಮ್ಮಂದಿರೇ, ಚಟ್ನಿಪುಡಿಯ ಜೊತೆ ಅವಳ ಬ್ಯಾಂಕ್ ಬಡ್ಡಿಯ ಸರ್ಟಿಫಿಕೇಟನ್ನೂ ಸೂಟ್‌ಕೇಸಿಗೆ ಹಾಕಿ. ಓದದೆ ಸಹಿ ಹಾಕಬೇಡ ಎಂದೂ ಹೇಳಿ.