ಮಾಜುಲಿಯ ಕುಂಬಾರರೂ ವಿಹಾರನೌಕೆಯೂ

ಅಸ್ಸಾಮಿನ ಬ್ರಹ್ಮಪುತ್ರದಲ್ಲಿ ಸಂಚರಿಸುವ ವಿಹಾರನೌಕೆಗಳು ಮಾಜುಲಿ ದ್ವೀಪದಲ್ಲಿ ತಂಗುವುವು. ಅಲ್ಲಿಯ ಸಾಲ್ಮೋರಾದ ಹೆಂಗಸರು ತಿಗರಿಯಿಲ್ಲದೆ ಬರಿಗೈಯಿಂದಲೇ ಮಡಕೆ ತಟ್ಟುವುದನ್ನು ಕಂಡು ಯಾತ್ರಿಕರು ಬೆರಗಾಗುವರು. ಇದರಿಂದ ಕಸಬು ಉಳಿಯುವುದಂತೆ!

ಈ ಕುಂಬಾರರು ನೋಟಕ್ಕೆ ಕುಳಿತವರಲ್ಲ. ತಾವೇ ದೋಣಿಗಳಲ್ಲಿ ಮಡಕೆ ಹೇರಿಕೊಂಡು ಊರೂರಲೆದು, ಬತ್ತಕ್ಕೆ ಬದಲಾಗಿ ಕೊಟ್ಟು ಬಾಳಿದವರು. ಅವರ ಮಣ್ಣು ಹೊಳೆಯ ದಡದ್ದು. ಆ ದಡವನ್ನೇ ಹೊಳೆ ನುಂಗುತ್ತಿದೆ: 19ನೆಯ ಶತಮಾನದಲ್ಲಿ 1,200 ಚದರ ಕಿಲೋಮೀಟರಿಗೆ ಮಿಕ್ಕಿದ್ದ ದ್ವೀಪದಲ್ಲಿ ಇಂದು ಅರ್ಧವೂ ಉಳಿದಿಲ್ಲ. ಅಧಿಕಾರಿಗಳು ಮಣ್ಣಗೆಯುವುದನ್ನು ನಿಷೇಧಿಸಿದರು. ಕೊರೆತದ ಹೊಣೆ ಕುಂಬಾರರ ಮೇಲೆ ಬಿದ್ದಿತು, ಹೊಳೆಯ ಮೇಲಲ್ಲ!

2023ರಲ್ಲಿ ಕಾಶಿಯಿಂದ ದಿಬ್ರುಗಢದವರೆಗೆ 51 ದಿನಗಳ ಭೋಗಯಾತ್ರೆಗೆ ಜಲಮಾರ್ಗವನ್ನು ಸಿದ್ಧಗೊಳಿಸಿಕೊಟ್ಟ ಸರ್ಕಾರಕ್ಕೆ, ಒಂದು ಹಳ್ಳಿಯ ಕುಂಬಾರರಿಗೆ ನಾಲ್ಕು ಬುಟ್ಟಿ ಮಣ್ಣು ದೊರಕಿಸುವುದು ಅಸಾಧ್ಯವೇ?