ಪೆನ್ನಿನ ಮೇಲೆ ಯಾರ ಹೆಸರು?

ಜಪಾನಿನ ನಮಿಕಿ ಕಂಪನಿ ‘ಎಂಪರರ್’ ಎಂಬ ಫೌಂಟನ್ ಪೆನ್ ಮಾಡುತ್ತದೆ. ಸುಮಾರು 17 ಸೆಂ.ಮೀ. ಉದ್ದ, ಹೆಚ್ಚುಕಮ್ಮಿ ಹೆಬ್ಬೆರಳಿನ ದಪ್ಪ. ಒಳಗೆ ಗಟ್ಟಿ ರಬ್ಬರಿನ ಕೊಳವೆ, ಅದರ ಮೇಲೆ ಉರುಶಿ ಮರದ ಸೋನೆಯನ್ನು ಪದರ ಪದರವಾಗಿ ಬಳಿದಿರುತ್ತಾರೆ. ಚಿನ್ನದ ಪುಡಿ ಉದುರಿಸಿ ಚಿತ್ರ ಬಿಡಿಸಿದ ಪೆನ್ನು ಮುಗಿಯಲು ತಿಂಗಳುಗಳೇ ಬೇಕು, ಬೆಲೆ ಹಲವು ಲಕ್ಷ ರೂಪಾಯಿ.

10 ರೂಪಾಯಿಯ ಬಾಲ್‌ಪೆನ್ನಿನಲ್ಲಿ ಬೋರ್ಡ್ ಪರೀಕ್ಷೆ ಬರೆಯುವ ನಮಗೆ ಇದು ಇಸ್ರಾಫ್ ಅನ್ನಿಸುವುದು ಸಹಜ. ಗಾಜಿನ ಕಪಾಟಿನಲ್ಲಿಟ್ಟು ನೆಂಟರಿಗೆ ತೋರಿಸಲು ಕೊಂಡರೆ ಖಂಡಿತ ಇಸ್ರಾಫೇ. ಕುರ್‌ಆನಿನ 68ನೇ ಅಧ್ಯಾಯಕ್ಕೆ ‘ಅಲ್-ಕಲಮ್’ ಎಂಬ ಹೆಸರು ಬಂದಿರುವುದು ಬರೆಯುವ ಲೇಖನಿಯಿಂದ, ಮೆರೆಯುವ ಲೇಖನಿಯಿಂದಲ್ಲ. ಆದರೆ ಬೆಲೆ ನೋಡಿ ನಗುವ ಮುಂಚೆ ಇನ್ನೊಂದು ವಿಷಯ ಗಮನಿಸಬೇಕು. ಆ ಪೆನ್ನಿನ ಮೇಲೆ ಚಿತ್ರ ಬಿಡಿಸಿದ ಕುಶಲಕರ್ಮಿಯ ಸಹಿ ಇರುತ್ತದೆ.

ಈಗ ನಮ್ಮ ಚನ್ನಪಟ್ಟಣಕ್ಕೆ ಬನ್ನಿ. ಬೆಂಗಳೂರಿನಿಂದ ಸುಮಾರು 60 ಕಿ.ಮೀ. ಅಲ್ಲಿನ ಕೆಲಸ ಅರಗಿನದು. ಲೇತ್‌ನಲ್ಲಿ ತಿರುಗುವ ಆಲೆ ಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ, ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ. ಆಮೇಲೆ ತಾಳೆಗರಿಯಿಂದ ಹೊಳಪು. ಕೈ ಸ್ವಲ್ಪ ಹೆಚ್ಚು ಒತ್ತಿದರೂ ಕೆಲಸ ಕೆಡುತ್ತದೆ ಎಂಬುದನ್ನು ಪೀಣ್ಯದಲ್ಲಿ ಲೇತ್ ಮುಂದೆ ನಿಲ್ಲುವ ಅಪ್ಪಂದಿರ ಮಕ್ಕಳಿಗೆ ವಿವರಿಸಬೇಕಾಗಿಲ್ಲ. ಅಂಗಡಿಯಲ್ಲಿ ಆ ಸಾಮಾನು ಕೈಗೆತ್ತಿಕೊಂಡು ನೋಡಿ. ಬೆಲೆಯ ಚೀಟಿ ಇರುತ್ತದೆ, ಮಾಡಿದವರ ಹೆಸರು ಕಾಣುವುದು ಅಪರೂಪ.

ಬೀದರ್‌ನ ಬಿದ್ರಿ ಕೆಲಸವೂ ಹೀಗೆಯೇ. ಸತು ಮತ್ತು ತಾಮ್ರದ ಎರಕಕ್ಕೆ ಬೆಳ್ಳಿಯ ಎಳೆ ಕೂರಿಸಿ, ಬೀದರ್ ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿ ಉಜ್ಜಿ ಕಪ್ಪು ಬರಿಸುತ್ತಾರೆ. ಹಿಂದೆ ಇದರಲ್ಲಿ ಕಲಮ್‌ದಾನ್‌ಗಳನ್ನೂ ಮಾಡುತ್ತಿದ್ದರು, ಈಗ ಪೆನ್ನುಗಳೂ ಸಿಗುತ್ತವೆ. 2023ರಲ್ಲಿ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂದಾಗಲೇ ನಮ್ಮಲ್ಲಿ ಅನೇಕರು ಬಿದ್ರಿ ಕಲಾವಿದರೊಬ್ಬರ ಹೆಸರನ್ನು ಮೊದಲ ಸಲ ಕೇಳಿದ್ದು. ಎರಡೂ ಕಲೆಗಳಿಗೆ ಜಿಐ ಮಾನ್ಯತೆ ಇದೆ, ನಿಜ. ಜಿಐ ಊರಿನ ಹೆಸರನ್ನು ಕಾಯುತ್ತದೆ, ಕೆಲಸ ಮಾಡಿದವರ ಹೆಸರನ್ನಲ್ಲ.

ಸಾಮಗ್ರಿಯಲ್ಲಿ, ಕೈಚಳಕದಲ್ಲಿ ನಾವು ಜಪಾನಿಗಿಂತ ಬಡವರಲ್ಲ. ಸಹಿ ಹಾಕಿಸುವುದನ್ನು ಮಾತ್ರ ಬಿಟ್ಟಿದ್ದೇವೆ. ಹೆಸರಿಲ್ಲದ ಸಾಮಾನಿನ ಬೆಲೆಯನ್ನು ಅಂಗಡಿಯವನು ಹೇಳುತ್ತಾನೆ. ಹೆಸರಿದ್ದರೆ ಗಿರಾಕಿ ಆ ಹೆಸರನ್ನೇ ಕೇಳಿಕೊಂಡು ಮತ್ತೆ ಬರುತ್ತಾನೆ, ಆಗ ಮಾಡಿದವನೂ ಬೆಲೆಯ ಮಾತಾಡಬಹುದು.

ನಮ್ಮ ಕಾಲೇಜಿನಿಂದಲೇ ಶುರು ಮಾಡಬಹುದು. ವಾರ್ಷಿಕೋತ್ಸವದಲ್ಲಿ ಅತಿಥಿಗಳಿಗೂ ರ್‍ಯಾಂಕ್ ಪಡೆದವರಿಗೂ ಕೊಡುವ ಪ್ಲಾಸ್ಟಿಕ್ ಶೀಲ್ಡ್ ವರ್ಷ ಕಳೆಯುವುದರೊಳಗೆ ಅಟ್ಟ ಸೇರುತ್ತದೆ. ಅದರ ಬದಲು ಚನ್ನಪಟ್ಟಣದ್ದೋ ಬೀದರ್‌ನದ್ದೋ ಒಂದು ಪೆನ್ನು ಕೊಡೋಣ. (ಬಿದ್ರಿ ಪೆನ್ನು ಭಾರ, ಮೂರು ಗಂಟೆಯ ಪರೀಕ್ಷೆಗೆ ಬೇಡ.) ಖರ್ಚು ಹೆಚ್ಚಾದರೆ ಬಹುಮಾನಗಳ ಸಂಖ್ಯೆ ಕಡಿಮೆ ಮಾಡಲಿ. ಪೆನ್ನಿನ ಮೇಲೆ ಕಾಲೇಜಿನ ಹೆಸರು ಸಣ್ಣದಾಗಿರಲಿ, ಮಾಡಿದವರ ಹೆಸರೂ ಊರೂ ದೊಡ್ಡದಾಗಿರಲಿ. ಕೈಕೆಲಸ ಒಂದು ವಾರದಲ್ಲಿ ಆಗುವುದಿಲ್ಲ, ಆದ್ದರಿಂದ ವಾರ್ಷಿಕೋತ್ಸವ ಸಮಿತಿ ಆರ್ಡರ್ ಈಗಲೇ ಕೊಡಬೇಕು.