ಪಹಣಿ ಓದೋಕೆ ಬರೋನಿಗೆ ಎಕ್ಸ್‌ಎಂಎಲ್ ಯಾಕೆ ಕಷ್ಟ?

ಎಕ್ಸ್‌ಎಂಎಲ್ ಕಲಿಯೋಕೆ ಯಾವ ಪುಸ್ತಕ ತಗೋಬೇಕು ಅಂತ ನಮ್ಮೂರ ಕಡೆಯ ಹುಡುಗರು ಆಗಾಗ ಕೇಳ್ತಾರೆ. ನನ್ನ ಉತ್ತರ ಒಂದೇ: ಸದ್ಯಕ್ಕೆ ಯಾವುದೂ ಬೇಡ.

ಅಂಗಡಿಯಲ್ಲಿ ಸಿಗುವ ಆ ಪುಸ್ತಕಗಳನ್ನು ನೋಡಿದ್ದೀರಲ್ಲ? ತಲೆದಿಂಬಿಗೆ ಆಗುವಷ್ಟು ದಪ್ಪ. ಮುಖಪುಟದಲ್ಲಿ ಮಾತ್ರ ‘ಹೊಸಬರಿಗಾಗಿ’ ಅಂತ ಇರುತ್ತೆ. ಒಳಗೆ ಹೋದರೆ ಮೊದಲು ಎಸ್‌ಜಿಎಂಎಲ್‌ನ ಪುರಾಣ, ಆಮೇಲೆ ಡಿಟಿಡಿ, ಸ್ಕೀಮಾ, ಎಕ್ಸ್‌ಪಾತ್, ಎಕ್ಸ್‌ಎಸ್‌ಎಲ್‌ಟಿ. ಇವೆಲ್ಲ ಬೇರೆ ಬೇರೆ ಸರಕು. ಎಕ್ಸ್‌ಎಂಎಲ್ 1.0 ಬಂದದ್ದು 1998ರ ಫೆಬ್ರವರಿಯಲ್ಲಿ, ಎಕ್ಸ್‌ಎಸ್‌ಎಲ್‌ಟಿ 1999ರಲ್ಲಿ, ಸ್ಕೀಮಾ 2001ರಲ್ಲಿ. ಎಲ್ಲವನ್ನೂ ಒಂದೇ ಮೂಟೆಗೆ ತುಂಬಿ ಹೊರಿಸಿದರೆ ಹೊಸಬ ಮೂರನೇ ಅಧ್ಯಾಯಕ್ಕೇ ಕುಸಿದು ಕೂರುತ್ತಾನೆ. ಕೂತವನು ಪುಸ್ತಕವನ್ನು ಬೈಯಲ್ಲ, ತನ್ನನ್ನೇ ಬೈದುಕೊಳ್ತಾನೆ: ನಂದು ಕನ್ನಡ ಮೀಡಿಯಂ, ನನ್ನ ಹಣೆಬರಹ ಇಷ್ಟೇ ಅಂತ. ನನ್ನ ಸಿಟ್ಟಿರುವುದು ಇಲ್ಲಿ.

ಎಕ್ಸ್‌ಎಂಎಲ್ ಅಂದ್ರೆ ಮಾಹಿತಿಗೆ ಹೆಸರಿನ ಚೀಟಿ ಅಂಟಿಸಿ, ಒಂದರೊಳಗೊಂದು ಜೋಡಿಸಿಡುವ ಕ್ರಮ. ನಮ್ಮ ಪಹಣಿಯನ್ನೇ ತಗೊಳ್ಳಿ:

<ಪಹಣಿ>
  <ಸರ್ವೆ ಹಿಸ್ಸಾ="2">48</ಸರ್ವೆ>
  <ವಿಸ್ತೀರ್ಣ>
    <ಎಕರೆ>1</ಎಕರೆ>
    <ಗುಂಟೆ>20</ಗುಂಟೆ>
  </ವಿಸ್ತೀರ್ಣ>
  <ಬೆಳೆ>ರಾಗಿ</ಬೆಳೆ>
</ಪಹಣಿ>

ತೆರೆದ ಟ್ಯಾಗನ್ನು ಮುಚ್ಚಬೇಕು. ಕೊನೆಗೆ ತೆರೆದದ್ದನ್ನು ಮೊದಲು ಮುಚ್ಚಬೇಕು. ಎಲ್ಲವನ್ನೂ ಒಳಗೊಳ್ಳುವ ಹೊರಗಿನ ಟ್ಯಾಗ್ ಒಂದೇ ಇರಬೇಕು. ಹಿಸ್ಸಾದಂಥ ಆಟ್ರಿಬ್ಯೂಟಿನ ಬೆಲೆ ಕೋಟ್ಸ್ ಒಳಗಿರಬೇಕು. ತೆರೆಯುವಾಗ ಬರೆದ ದೊಡ್ಡಕ್ಷರ, ಚಿಕ್ಕಕ್ಷರ ಮುಚ್ಚುವಾಗಲೂ ಹಾಗೇ ಇರಬೇಕು ಅನ್ನೋ ಇನ್ನೊಂದು ನಿಯಮ ಇದೆ. ಕನ್ನಡದಲ್ಲಿ ಆ ಗೋಜೇ ಇಲ್ಲ. ಶುರು ಮಾಡೋಕೆ ಇಷ್ಟು ಸಾಕು. ಇವನ್ನು ಪಾಲಿಸಿದರೆ ‘ವೆಲ್-ಫಾರ್ಮ್ಡ್’. ಗುಂಟೆ ಇರುವ ಕಡೆ ಸಂಖ್ಯೆಯೇ ಇರಬೇಕು, ಅದು 40ಕ್ಕಿಂತ ಕಡಿಮೆ ಇರಬೇಕು ಎಂದು ಸ್ಕೀಮಾದಲ್ಲಿ ಬರೆದಿಟ್ಟು, ಅದನ್ನೂ ಪಾಲಿಸಿದರೆ ‘ವ್ಯಾಲಿಡ್’. ಪರೀಕ್ಷೆಗೆ ಹುಡುಗರು ಉರು ಹೊಡೆಯುವ ವ್ಯತ್ಯಾಸ ಇದೇ.

ಮೇಲಿನದು ತಮಾಷೆಗೆ ಬರೆದದ್ದು ಅಂದ್ಕೋಬೇಡಿ. ಟ್ಯಾಗಿನ ಹೆಸರು ಕನ್ನಡದಲ್ಲಿರಬಹುದು ಎಂದು 1998ರ ಮೊದಲ ಆವೃತ್ತಿಯಲ್ಲೇ ಅವಕಾಶವಿದೆ. ಯುಟಿಎಫ್-8ರಲ್ಲಿ ಸೇವ್ ಮಾಡಿ ಬ್ರೌಸರಿನಲ್ಲಿ ತೆರೆದು ನೋಡಿ. ಈ ಅಕ್ಷರಗಳ ಪಟ್ಟಿಯನ್ನು ಹೊಸಬರ ಪುಸ್ತಕಗಳು ಎಲ್ಲೋ ಹಿಂದಿನ ಅನುಬಂಧಕ್ಕೆ ತಳ್ಳುತ್ತವೆ, ಇಲ್ಲವೇ ಬಿಟ್ಟೇಬಿಡುತ್ತವೆ. ಎಕ್ಸ್‌ಎಂಎಲ್ ಮನುಷ್ಯರು ಓದುವಂತಿರಬೇಕು ಅನ್ನೋದು ಅದನ್ನು ರೂಪಿಸಿದವರ ಹತ್ತು ಗುರಿಗಳಲ್ಲಿ ಒಂದು. ಮನುಷ್ಯ ಅಂದ್ರೆ ಇಂಗ್ಲಿಷ್ ಬಲ್ಲವನು ಮಾತ್ರವಾ ಸ್ವಾಮಿ?

‘ಆಫೀಸಿನಲ್ಲಿ ಕನ್ನಡ ಟ್ಯಾಗ್ ಬರೆದರೆ ಮ್ಯಾನೇಜರ್ ಒಪ್ತಾರಾ?’ ಅಂತ ಕೇಳ್ತೀರಿ. ಒಪ್ಪಲ್ಲ. ನಾಲ್ಕು ದೇಶದವರು ಓದುವ ಕೋಡಿನಲ್ಲಿ ನಾನೂ ಇಂಗ್ಲಿಷನ್ನೇ ಬಳಸ್ತೀನಿ. ನಾನು ಹೇಳ್ತಿರೋದು ಕಲಿಕೆಯ ಮಾತು. ಒಂದರೊಳಗೊಂದು ಕೂರುವ ರಚನೆ ತಲೆಗೆ ಹತ್ತಿದ ಮೇಲೆ ಹೆಸರು ಯಾವ ಭಾಷೆಯದ್ದಾದರೇನು? ಅವನೇ ವರ್ಡ್‌ನ ಡಾಕ್‌ಎಕ್ಸ್ ಕಡತದ ಜಿಪ್ ಬಿಚ್ಚಿ ಒಳಗಿನ ಎಕ್ಸ್‌ಎಂಎಲ್ ನೋಡ್ತಾನೆ. ಆಂಡ್ರಾಯ್ಡ್ ಆ್ಯಪಿನ ಲೇಔಟ್ ಕಡತ ಓದ್ತಾನೆ. ದಪ್ಪ ಪುಸ್ತಕ ಆಗ ಕೆಲಸಕ್ಕೆ ಬರುತ್ತೆ, ಬೇಕಾದ ಪುಟ ಹುಡುಕೋಕೆ. ಡಿಕ್ಷನರಿಯನ್ನು ಮೊದಲ ಪುಟದಿಂದ ಓದಿ ಭಾಷೆ ಕಲಿತವರನ್ನು ನಾನಂತೂ ಕಂಡಿಲ್ಲ.

ಕನ್ನಡದಲ್ಲಿ ತಂತ್ರಜ್ಞಾನ ಬರೆಯುವವರಲ್ಲಿ ಒಂದು ವಿನಂತಿ. ಇಂಗ್ಲಿಷ್ ಪುಸ್ತಕವನ್ನು ಅನುವಾದಿಸೋಕೆ ಹೋಗಬೇಡಿ. ಟ್ಯಾಗಿಗೆ ಸಂಸ್ಕೃತದ ಹೆಸರು ಹುಡುಕುತ್ತಾ ಕೂರಲೂ ಬೇಡಿ. ಟ್ಯಾಗ್ ಟ್ಯಾಗೇ ಇರಲಿ. ಉದಾಹರಣೆ ನಮ್ಮದಾಗಲಿ, ಪುಟ ನಲವತ್ತು ದಾಟದಿರಲಿ.

ಇನ್ನು ನೀವು. ಟೀಮಿಗೆ ಹೊಸ ಹುಡುಗಿಯೋ ಹುಡುಗನೋ ಬಂದಾಗ ಕಪಾಟಿನ ದಪ್ಪ ಪುಸ್ತಕ ದಾಟಿಸಿ ಕೈತೊಳ್ಕೋಬೇಡಿ. ಅರ್ಧ ಗಂಟೆ ಪಕ್ಕದಲ್ಲಿ ಕೂತು, ಅವರ ಮನೆಯ ರೇಷನ್ ಕಾರ್ಡನ್ನು ಎಕ್ಸ್‌ಎಂಎಲ್‌ನಲ್ಲಿ ಬರೆಸಿ. ಕುಟುಂಬ ಹೊರಗೆ, ಸದಸ್ಯರು ಒಳಗೆ, ಹೆಸರು ವಯಸ್ಸು ಅದರೊಳಗೆ. ಒಂದು ಟ್ಯಾಗನ್ನು ಬೇಕಂತಲೇ ಮುಚ್ಚದೆ ಬಿಟ್ಟು, ಬ್ರೌಸರ್ ಏನು ಗೊಣಗುತ್ತೆ ಅಂತ ಅವರೇ ನೋಡಲಿ.